ಕಾಲುವೆಯನ್ನು ಕೊರಳಿಗೆ ಕಟ್ಟಿಕೊಂಡವನು

ನಮ್ಮ ನೀರು ಬಳಕೆದಾರರ ಸಂಘದ ಗುಮಾಸ್ತನಿಗೆ ಊರಿನವರು ಇಟ್ಟ ಹೆಸರು ಟ್ರೈನಿಂಗ್. ಮೂರು ದಿನದ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದ ಮೇಲೆ ಅವನಾಡುವ ಪ್ರತಿ ಮಾತೂ "ಟ್ರೈನಿಂಗ್‌ನಲ್ಲಿ ನಮಗೆ ಹೇಳಿದ್ದೇನಂದ್ರೆ" ಎಂದೇ ಶುರುವಾಗುತ್ತಿತ್ತು. ಎರಡನೆಯ ದಿನ ಮಧ್ಯಾಹ್ನದ ಊಟ ಭರ್ಜರಿಯಾಗಿದ್ದುದರಿಂದ, ಊಟದ ನಂತರದ ಪಾಠಕ್ಕೆ ಅವನು ಕೊನೆಯ ಬೆಂಚಿನಲ್ಲಿ ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದ. ಆ ಹೊತ್ತಿನಲ್ಲಿ ಮೇಷ್ಟ್ರು ಏನು ಹೇಳಿಕೊಟ್ಟರು ಎಂಬುದು ಈ ಕಥೆಗೆ ಬಹಳ ಮುಖ್ಯ. ಆದರೆ ಅದನ್ನು ತಿಳಿಯಲು ಅವನಿಗೆ ಎಂಟು ತಿಂಗಳು ಬೇಕಾಯಿತು.

ಮೊದಲು ಕಾಲುವೆಯ ಮಾತು ಹೇಳಿಬಿಡುತ್ತೇನೆ. ದೊಡ್ಡ ಕಾಲುವೆಗೆ ನಮ್ಮ ಊರಿನ ಹತ್ತಿರ ಒಂದು ತೂಬು. ಅಲ್ಲಿಂದ ಹೊರಡುವ ಸಣ್ಣ ಕಾಲುವೆಯ ಉದ್ದಕ್ಕೂ ನಲವತ್ತಮೂರು ಗದ್ದೆ. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಗದ್ದೆಯ ಬಾಯಿಗೆ ಅಡ್ಡ ಇಟ್ಟ ಹಲಗೆ ಎತ್ತಿದರೆ ನೀರು ಒಬ್ಬರಾದ ಮೇಲೆ ಒಬ್ಬರಿಗೆ ಸರಿಯುತ್ತ, ಮುಂದಿನ ಸೋಮವಾರ ಮಧ್ಯಾಹ್ನಕ್ಕೆ ಕೊನೆಯ ಗದ್ದೆಯಲ್ಲಿ ಮುಗಿದು, ಮತ್ತೆ ಮೊದಲಿನವರಿಗೆ ಹೋಗುತ್ತದೆ. ಇದಕ್ಕೆ ಸರದಿ ಎನ್ನುತ್ತಾರೆ. ಯಾರ ಸರದಿ ಎಷ್ಟು ಗಂಟೆ ಎಂದು ತೀರ್ಮಾನವಾಗುವುದಕ್ಕೆ ಮೂರು ವರ್ಷ, ಎರಡು ಗುದ್ದಲಿ ಕಾವು ಮತ್ತು ಒಂದು ಮುಂದಿನ ಹಲ್ಲು ಖರ್ಚಾಗಿದ್ದವು.

ಹಲ್ಲು ಮೊದಲಗದ್ದೆ ಯಜಮಾನರದು. ತೂಬಿನ ಬಾಯಲ್ಲೇ ಅವರ ಗದ್ದೆ, ಆದ್ದರಿಂದ ನೀರೆಲ್ಲ ಹುಟ್ಟಿನಿಂದಲೇ ತಮ್ಮದು ಎಂದು ಅವರ ನಂಬಿಕೆ. ಇನ್ನೊಂದು ತುದಿಯಲ್ಲಿ ಕೊನೆಗದ್ದೆ ಅಜ್ಜಿ. ಮೂರು ವರ್ಷ ಸಂಘದ ಬಾಗಿಲಲ್ಲಿ ಮೊಣಕಾಲು ಕಟ್ಟಿ ಕೂತು ಎರಡು ಗಂಟೆ ನೀರು ಗೆದ್ದುಕೊಂಡವಳು. ಅವಳ ಗದ್ದೆಯ ಹಲಗೆ ಮಾತ್ರ ಎತ್ತಿದರೆ ನಿಲ್ಲುತ್ತಿರಲಿಲ್ಲ, ಜಾರಿ ಬೀಳುತ್ತಿತ್ತು. ಅದಕ್ಕೊಂದು ಬೆಣೆ ಮಾಡಿಸಿಕೊಡಿ ಎಂದು ಸಂಘಕ್ಕೆ ಆರು ಅರ್ಜಿ ಕೊಟ್ಟಿದ್ದಳು. "ಅಜ್ಜಿ, ಟ್ರೈನಿಂಗ್‌ನಲ್ಲಿ ಬೆಣೆ ವಿಷಯ ಬರಲಿಲ್ಲ" ಎಂದು ಗುಮಾಸ್ತ ಆರನ್ನೂ ಫೈಲಿಗೆ ಸೇರಿಸಿದ್ದ.

ಕಳೆದ ಬೆಳೆಯ ಕೊನೆಯ ಸಭೆಯಲ್ಲಿ ಗುಮಾಸ್ತ ಎದ್ದು ನಿಂತು, ಸರದಿಯ ಹಳೆಯ ನೋಟ್‌ಬುಕ್ಕನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಕಾಗದದ ಕಾಲ ಮುಗೀತು. ಇಲಿ ತಿನ್ನತ್ತೆ, ಮಳೆಗೆ ನೆನೆಯತ್ತೆ, ಯಾರಾದ್ರೂ ಮೂರನ್ನ ಎಂಟು ಮಾಡ್ತಾರೆ," ಎಂದು ಮೊದಲಗದ್ದೆಯ ಕಡೆ ನೋಡದೆ ನೋಡಿ, ನೋಟ್‌ಬುಕ್ಕನ್ನು ಹರಿದು ನಾಲ್ಕು ಚೂರು ಮಾಡಿದ. ಆಮೇಲೆ ಜೇಬಿನಿಂದ ಹೆಬ್ಬೆರಳಷ್ಟು ಉದ್ದದ ಪೆನ್ ಡ್ರೈವ್ ತೆಗೆದ. "ಇಡೀ ಕಾಲುವೆ ಇದರೊಳಗಿದೆ!"

ಜನ ಚಪ್ಪಾಳೆ ಹೊಡೆದರು. ಕ್ಷೌರಿಕ ಮಾತ್ರ ಬಗ್ಗಿ ಹರಿದ ಹಾಳೆಗಳನ್ನು ಆರಿಸಿಕೊಂಡ. ಸೋಪಿನ ನೊರೆ ಒರೆಸಲು ಒಳ್ಳೆಯ ಕಾಗದ ಅದು.

ಅಂದಿನಿಂದ ಗುಮಾಸ್ತ ಪೆನ್ ಡ್ರೈವನ್ನು ಕೆಂಪು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು ಓಡಾಡಿದ. ಸ್ನಾನಕ್ಕೆ ಹೋದಾಗ ಅದು ಕನ್ನಡಿಯ ಮೊಳೆಯಲ್ಲಿರುತ್ತಿತ್ತು. ಅದನ್ನು ಮುಟ್ಟಲು ಹೆಂಡತಿಗೂ ಅಧಿಕಾರವಿರಲಿಲ್ಲ.

*

ಹೊಸ ಬೆಳೆಗೆ ನೀರು ಬಿಡುವ ಸೋಮವಾರ ಬಂತು. ಅದರ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಗುಮಾಸ್ತ ಸಂಘದ ಕೋಣೆಯ ಬೀಗ ತೆಗೆದ. ಕಿಟಕಿಗೆ ಒಂದೇ ಬಾಗಿಲಿರುವ ಆ ಕೋಣೆಯಲ್ಲಿ ಒಂದು ಮೇಜು, ಮೂರು ಕಾಲು ಮತ್ತು ಒಂದು ಇಟ್ಟಿಗೆಯ ಮೇಲೆ ನಿಂತ ಕುರ್ಚಿ, ಹಳೇ ಸೀರೆ ಹೊದ್ದ ಕಂಪ್ಯೂಟರ್. ಸೀರೆ ಸರಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು. ಪಟ್ಟಿಯ ಒಂದು ಪ್ರತಿ ತೆಗೆದು ತೂಬಿನ ಕಂಬಕ್ಕೆ ಅಂಟಿಸಿದರೆ ಕೆಲಸ ಮುಗಿಯಿತು.

ಪೆಟ್ಟಿಗೆಯ ಮುಂದಿನ ತೂತಿಗೆ ಪೆನ್ ಡ್ರೈವ್ ಚುಚ್ಚಿದ. ಹೋಗಲಿಲ್ಲ. ತಿರುಗಿಸಿ ಚುಚ್ಚಿದ. ಹೋಗಲಿಲ್ಲ. ಮೊದಲಿನಂತೆಯೇ ತಿರುಗಿಸಿ ಚುಚ್ಚಿದ, ಹೋಯಿತು. ಇದೇಕೆ ಹೀಗೆ ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಕೈಕಟ್ಟಿ ಕೂತು ಕಾದ.

ಪರದೆಯ ಮೇಲೆ ಏನೂ ಬರಲಿಲ್ಲ.

ಕಂಪ್ಯೂಟರ್ ಆರಿಸಿ ಹೊತ್ತಿಸಿದ. ಪೆನ್ ಡ್ರೈವ್ ತೆಗೆದು ಊದಿದ, ಅಂಗಿಯ ತುದಿಯಿಂದ ಉಜ್ಜಿದ, ಮೆಲ್ಲಗೆ ಚುಚ್ಚಿದ, ಜೋರಾಗಿ ಚುಚ್ಚಿದ, ನೋಡದವನಂತೆ ಬೇರೆ ಕಡೆ ಮುಖ ಮಾಡಿ ಸಟಕ್ಕನೆ ಚುಚ್ಚಿದ. ಏನೂ ಇಲ್ಲ. ನೇರ ಮನೆಗೆ ಓಡಿದ.

"ನನ್ನ ಅಂಗಿ ಜೊತೆ ಇದನ್ನೂ ಒಗೆದುಬಿಟ್ಯಾ?"

ಹೆಂಡತಿ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. "ನೀವು ಅಂಗಿ ಬಿಚ್ಚಿಕೊಟ್ಟು ಹತ್ತು ದಿನ ಆಯ್ತು. ಒಗೆಯೋದು ಎಲ್ಲಿಂದ ಬಂತು?"

"ಇದು ಕಾಣ್ತಾ ಇಲ್ಲ ಕಣೇ."

"ಕೈಯಲ್ಲೇ ಇದೆಯಲ್ಲ."

"ಕಂಪ್ಯೂಟರಿಗೆ ಕಾಣ್ತಾ ಇಲ್ಲ!"

ಹೆಂಡತಿ ಸೌಟು ಕೆಳಗಿಟ್ಟಳು. ಅವಳ ತಮ್ಮನ ಮೊಬೈಲು ಹೋದ ವರ್ಷ ಬಾವಿಗೆ ಬಿದ್ದಾಗ ಅಕ್ಕಿಯಲ್ಲಿ ಹುಗಿದು ಬದುಕಿಸಿದ್ದು ಅವಳೇ. ಹೆಚ್ಚು ಮಾತಿಲ್ಲದೆ ಪೆನ್ ಡ್ರೈವನ್ನು ಕಸಿದುಕೊಂಡು ಅಕ್ಕಿಡಬ್ಬಿಯೊಳಗೆ ಮೊಣಕೈವರೆಗೆ ಇಳಿಸಿದಳು.

"ಇದು ನೀರಿಗೆ ಬಿದ್ದಿಲ್ಲವಲ್ಲೇ!"

"ಇಡೀ ಕಾಲುವೆ ಇದರೊಳಗಿದೆ ಅಂದೋರು ಯಾರು? ಒಣಗಲಿ ಬಿಡಿ."

ಅರ್ಧ ಗಂಟೆ ಒಣಗಿತು. ಆಮೇಲೆ ಒಂದು ಅಕ್ಕಿಕಾಳು ಅದರ ಬಾಯಲ್ಲಿ ಸಿಕ್ಕಿಕೊಂಡು, ಅದನ್ನು ಪಿನ್ನಿನಿಂದ ಎಬ್ಬಿಸಲು ಇನ್ನರ್ಧ ಗಂಟೆ ಹೋಯಿತು. ಅಷ್ಟರಲ್ಲಿ ಸುದ್ದಿ ಕ್ಷೌರಿಕನ ಕಿವಿಗೆ ಬಿದ್ದಿತ್ತು. ಕ್ಷೌರಿಕನ ಕಿವಿಗೆ ಬಿತ್ತೆಂದರೆ ನಮ್ಮೂರಲ್ಲಿ ಡಂಗುರ ಹೊಡೆದಂತೆಯೇ ಲೆಕ್ಕ. ಅವನು ಬಂದು ಪೆನ್ ಡ್ರೈವನ್ನು ಬೆಳಕಿಗೆ ಹಿಡಿದು ನೋಡಿ, ನಾಲಿಗೆ ನೋಡಿದ ಡಾಕ್ಟರಂತೆ ತಲೆ ಅಲ್ಲಾಡಿಸಿದ.

"ಹಲ್ಲಿಗೆ ಪಾಚಿ ಕಟ್ಟಿದೆ. ರಬ್ಬರಲ್ಲಿ ಉಜ್ಜಬೇಕು."

"ಅದಿರಲಿ, ಆವತ್ತಿನ ನೋಟ್‌ಬುಕ್ ಹಾಳೆಗಳು?"

"ಒಂದು ಉಳಿದಿದೆ," ಎಂದು ಕ್ಷೌರಿಕ ಜೇಬಿನಿಂದ ಒಂದು ಚೂರು ತೆಗೆದುಕೊಟ್ಟ. ಅದರ ಮೇಲೆ 'ಗುರುವಾರ' ಎಂದಿತ್ತು. ಉಳಿದ ಭಾಗದಲ್ಲಿ ಯಾರದೋ ಮೀಸೆ ಅಂಟಿತ್ತು.

ಆಗಲೇ ಫೋನು ಬಂತು. ಕಾಲುವೆ ಇಂಜಿನಿಯರ್ ಸಾಹೇಬರು. ಅವರು ಎಂದೂ ಕೂಗಿ ಮಾತಾಡುವವರಲ್ಲ, ಅದೇ ಹೆಚ್ಚು ಭಯ.

"ಪಟ್ಟಿ ರೆಡಿಯಾಗಿದೆ ತಾನೇ? ನಾಳೆ ಬೆಳಿಗ್ಗೆ ಹತ್ತಕ್ಕೆ ತೂಬಿನ ಕಂಬದ ಮೇಲೆ, ನಲವತ್ತಮೂರು ಜನರ ಸಹಿ ಸಮೇತ ಇರಬೇಕು. ಇಲ್ಲಾಂದ್ರೆ ನಾನು ತೂಬು ತೆಗೆಯಲ್ಲ, ನೀರು ಮುಂದಿನ ಊರಿಗೆ ಹೋಗುತ್ತೆ. ಹೋದ ಸಲ ಹಲ್ಲು ಎಣಿಸಿದ್ದು ನಾನೇ, ನೆನಪಿದೆಯಲ್ಲ?"

"ಎಲ್ಲ ರೆಡಿ ಸಾರ್. ಟ್ರೈನಿಂಗ್‌ನಲ್ಲಿ..."

ಫೋನು ಕಟ್ಟಾಗಿತ್ತು.

*

ಪೇಟೆಯಲ್ಲಿ ಭಾನುವಾರವೂ ತೆರೆದಿರುವುದು ಫೋಟೋ ಸ್ಟುಡಿಯೋ ಒಂದೇ. ಗುಮಾಸ್ತ ಸೈಕಲ್ ತುಳಿದುಕೊಂಡು ಹೋಗಿ, ಏದುಸಿರಿನಲ್ಲೇ ಕೊರಳ ದಾರ ಬಿಚ್ಚಿ ಫೋಟೋದವನ ಕೈಗಿಟ್ಟ. ಫೋಟೋದವನು ಚುಚ್ಚಿದ. ಟಿಣ್ ಎಂದಿತು.

"ಬಂತು!" ಗುಮಾಸ್ತನ ಕಣ್ಣಲ್ಲಿ ನೀರು.

"ಬಂತು," ಎಂದ ಫೋಟೋದವನು. "ಒಳಗೆ ಏನೂ ಇಲ್ಲ."

"ಸರಿಯಾಗಿ ನೋಡಪ್ಪಾ. ನಲವತ್ತಮೂರು ಜನ ಇದಾರೆ."

"ಒಬ್ಬನೂ ಇಲ್ಲ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ, ಹಸುಗೂಸು. ಬರೆದದ್ದನ್ನ ಎಲ್ಲಿ ಸೇವ್ ಮಾಡಿದ್ರಿ?"

"ಎಲ್ಲಿ ಅಂದ್ರೆ? ಇದನ್ನ ಚುಚ್ಚಿಟ್ಟು ಬರೆದೆ. ಮೂರು ದಿನ ಬರೆದೆ. ಕೊನೆಗೆ ಕಂಪ್ಯೂಟರ್ ಏನೋ ಕೇಳ್ತು, ಹೂಂ ಅಂದೆ. ಕಿತ್ಕೊಂಡೆ."

ಫೋಟೋದವನು ಅವನನ್ನೇ ನೋಡಿದ. ಇಲ್ಲಿ ಗುಮಾಸ್ತನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನ ಅಪ್ಪ ನೀರುಗಂಟಿ, ಅಜ್ಜ ನೀರುಗಂಟಿ. ಎರಡು ತಲೆಮಾರು ಹಲಗೆ ಎತ್ತಿ ನೀರು ಹಾಯಿಸಿದವರು. ತಗ್ಗಿನಲ್ಲಿ ಬಾಯಿ ತೆರೆದಿಟ್ಟರೆ ಮೇಲಿನಿಂದ ಬಂದದ್ದು ತಾನೇ ಒಳಗೆ ಇಳಿಯುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಮೇಲೆ ಅಕ್ಷರ ಕುಟ್ಟುತ್ತಿದ್ದಾನೆ, ಕೆಳಗೆ ಪೆನ್ ಡ್ರೈವ್ ಬಾಯಿ ಕೊಟ್ಟಿದೆ. ಇಳಿಯದೆ ಎಲ್ಲಿಗೆ ಹೋದೀತು? ಬರೆದದ್ದನ್ನು ನಾವೇ ಹೇಳಿ ಒಳಗೆ ಕಳಿಸಬೇಕು ಎಂಬ ಪಾಠವನ್ನು ಮಾಡಿದ್ದು ಎರಡನೆಯ ದಿನ, ಊಟದ ನಂತರ.

"ಹಾಗಾದ್ರೆ ಅದು ನಿಮ್ಮ ಕಂಪ್ಯೂಟರಲ್ಲೇ ಕೂತಿರುತ್ತೆ," ಎಂದ ಫೋಟೋದವನು. "ಸಂಜೆ ಅಂಗಡಿ ಮುಚ್ಚಿ ಆ ಕಡೆಯಿಂದಲೇ ಹೋಗ್ತೀನಿ, ನೋಡೋಣ."

ಗುಮಾಸ್ತನಿಗೆ ನಂಬಿಕೆ ಬರಲಿಲ್ಲ. ಕಾಗದ ಕಳೆದುಹೋಗಿದೆ ಎಂದರೆ ಪೆನ್ನಿನೊಳಗೆ ಹುಡುಕು ಎನ್ನುತ್ತಾನಲ್ಲ!

*

ಅವನು ಊರಿಗೆ ಮರಳುವಷ್ಟರಲ್ಲಿ ಸಂಘದ ಅಂಗಳ ತುಂಬಿತ್ತು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಲೂ ಬಿಡಲಿಲ್ಲ.

"ಏನಯ್ಯಾ ಟ್ರೈನಿಂಗ್, ಕಾಲುವೆ ಎಲ್ಲಿ?"

"ಖಾಲಿ," ಎಂದ ಗುಮಾಸ್ತ ಸಣ್ಣ ದನಿಯಲ್ಲಿ.

"ಖಾಲಿ ಅಂದ್ರೆ? ಸೋರಿ ಹೋಯ್ತಾ?"

"ಯಾರೋ ಅಳಿಸಿದಾರೆ," ಎಂದರು ಒಬ್ಬರು. "ಕೊರಳಲ್ಲಿ ಇಟ್ಕೊಂಡು ಬಿಸಿಲಲ್ಲಿ ತಿರುಗಿದ್ರೆ ಆವಿಯಾಗದೆ ಏನಾಗತ್ತೆ?" ಎಂದರು ಇನ್ನೊಬ್ಬರು. ಮೊದಲಗದ್ದೆ ಯಜಮಾನರು ಮಾತ್ರ ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತ ಶಾಂತವಾಗಿ ಮುಂದೆ ಬಂದರು.

"ಗಲಾಟೆ ಯಾಕೆ? ಎಲ್ಲರಿಗೂ ಅವರವರ ಸರದಿ ನೆನಪಿರಲ್ವಾ? ಬರ್ಕೊಳ್ಳಯ್ಯಾ. ನಂದು ಏಳು ಗಂಟೆ."

ಗುಮಾಸ್ತ ಒಂದು ಹೊಸ ನೋಟ್‌ಬುಕ್ ತೆಗೆದು ಬರೆದುಕೊಂಡ. ಒಬ್ಬೊಬ್ಬರೂ ತಮ್ಮ ಕುಲದೇವರ ಮೇಲೆ, ಕಣ್ಣಿನ ಮೇಲೆ, ಇನ್ನೂ ಹುಟ್ಟದ ಮೊಮ್ಮಕ್ಕಳ ಮೇಲೆ ಆಣೆ ಇಟ್ಟು ತಮ್ಮ ಸರದಿ ಹೇಳಿದರು. ಎಲ್ಲ ಕೂಡಿಸಿ ನೋಡಿದರೆ ವಾರಕ್ಕೆ ಹನ್ನೊಂದು ದಿನ ಬೇಕಾಗಿತ್ತು.

"ಇನ್ನೂ ನಾಲ್ಕು ದಿನ ಎಲ್ಲಿಂದ ತರಲಿ?" ಎಂದ ಗುಮಾಸ್ತ.

"ಅದನ್ನ ಕಂಪ್ಯೂಟರಲ್ಲಿ ಹಾಕು, ಸರಿಹೋಗತ್ತೆ," ಎಂದು ಯಾರೋ ಅಂದರು. ಯಾರದೋ ಗುದ್ದಲಿ ನೆಲಕ್ಕೆ ತಾಗಿ ಸದ್ದಾಯಿತು. ಕ್ಷೌರಿಕ ತನ್ನ ಹಲ್ಲುಗಳನ್ನು ನಾಲಿಗೆಯಿಂದ ಒಮ್ಮೆ ಎಣಿಸಿಕೊಂಡು ಹಿಂದೆ ಸರಿದ.

ಅಷ್ಟು ಹೊತ್ತೂ ಬಾಗಿಲ ಬಳಿ ಮೊಣಕಾಲು ಕಟ್ಟಿ ಕೂತಿದ್ದ ಕೊನೆಗದ್ದೆ ಅಜ್ಜಿ ಬಾಯಿ ಬಿಟ್ಟಳು. ಹನ್ನೊಂದು ದಿನದ ವಾರದಲ್ಲಿ ಮೊದಲು ಒಣಗುವುದು ಯಾರ ಗದ್ದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಲೋ ಟ್ರೈನಿಂಗ್, ಯಾರೂ ತಮ್ಮದು ಹೇಳೋದು ಬೇಡ. ತನ್ನ ಮುಂಚಿನವನದು ಹೇಳಲಿ. ಅವನು ಎಷ್ಟಕ್ಕೆ ಹಲಗೆ ಎತ್ತಿ ಎಷ್ಟಕ್ಕೆ ಇಳಿಸ್ತಿದ್ದ, ಅದಷ್ಟೇ ಕೇಳು."

ಆಮೇಲೆ ಎರಡನೆಯ ಗದ್ದೆಯವನು, ಅದುವರೆಗೆ ತನ್ನ ಸರದಿಯೇ ಸರಿಯಾಗಿ ನೆನಪಿಲ್ಲದೆ ತಲೆ ಕೆರೆಯುತ್ತಿದ್ದವನು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಒದರಿದ.

"ಮೊದಲಗದ್ದೆ ಹನ್ನೆರಡರಿಂದ ನಾಲ್ಕು. ನಾಲ್ಕು ಹೊಡೆದ ಮೇಲೂ ಬೀಡಿ ಹಚ್ಕೊಂಡು ಹತ್ತು ನಿಮಿಷ ನಿಂತಿರ್ತಾರೆ. ಗಡಿಯಾರ ಹಿಡ್ಕೊಂಡು ನಾನು ಪಕ್ಕದಲ್ಲೇ ಇರ್ತೀನಲ್ಲ!"

"ಲೇ, ನಿನ್ನ...!" ಎಂದರು ಯಜಮಾನರು.

ಇನ್ನು ತಡೆಯುವವರಿರಲಿಲ್ಲ. ತನ್ನದನ್ನು ಹೇಳುವಾಗ ತಡವರಿಸಿದ ನಾಲಿಗೆಗಳು ಪಕ್ಕದವನದನ್ನು ಹೇಳುವಾಗ ನಿಮಿಷ ತಪ್ಪಲಿಲ್ಲ. ಅಣ್ಣನದನ್ನು ತಮ್ಮ ಹೇಳಿದ, ಅತ್ತೆಯದನ್ನು ಸೊಸೆ ಹೇಳಿದಳು, ಅದೂ ಎಂಥ ಉತ್ಸಾಹದಿಂದ! ತನ್ನ ಹಲಗೆ ಎತ್ತುವ ಮೊದಲು ಪ್ರತಿಯೊಬ್ಬರೂ ಮುಂಚಿನವರ ಹಲಗೆಯನ್ನೇ ದಿಟ್ಟಿಸುತ್ತ ನಿಂತವರು. ಹೆಂಡತಿಯ ಹುಟ್ಟಿದ ದಿನ ಮರೆತರೂ ಅದನ್ನು ಮರೆಯುವುದುಂಟೇ? ಗುಮಾಸ್ತನ ಕೈ ಬರೆದು ಬರೆದು ಸೋತಿತು. ನಲವತ್ತೆರಡನೆಯವನದನ್ನು ಅಜ್ಜಿಯೇ ಹೇಳಿ ಮುಗಿಸಿದಳು.

ಕೂಡಿಸಿದರೆ ಆರು ದಿನ, ಇಪ್ಪತ್ತೆರಡು ಗಂಟೆ.

"ಉಳಿದ ಎರಡು ಗಂಟೆ ನಂದು," ಎಂದಳು ಅಜ್ಜಿ.

"ಅದು ಹೇಗೆ?" ಯಜಮಾನರಿಗೆ ಆಗ ಹುರುಪು ಬಂತು. "ತನ್ನದು ತಾನೇ ಹೇಳಬಾರದು ಅಂದೋಳು ನೀನೇ ಅಲ್ವಾ? ನಿನ್ನ ನಂತರ ಗದ್ದೆಯೇ ಇಲ್ಲ. ಸಾಕ್ಷಿ ಯಾರು?"

"ನನ್ನ ನಂತರ ನೀರು ನಿನಗೇ ಅಲ್ವಾ ಬರೋದು? ನೀನೇ ಹೇಳು."

ಎಲ್ಲರೂ ಯಜಮಾನರ ಕಡೆ ತಿರುಗಿದರು. ಅಜ್ಜಿಯ ಎರಡು ಗಂಟೆ ಪಟ್ಟಿಯಲ್ಲಿ ಇಲ್ಲವೆಂದಾದರೆ ಅದು ಹರಿದುಬಂದು ಸೇರುವುದು ಅವರ ಗದ್ದೆಗೇ. ಅವರು ಆಕಾಶ ನೋಡಿದರು. ಗಂಟಲು ಸರಿಮಾಡಿಕೊಂಡರು.

"ನನಗೆ ನೆನಪಿಲ್ಲ."

ಗುಮಾಸ್ತನ ಪೆನ್ನು ನಲವತ್ತಮೂರನೆಯ ಸಾಲಿನ ಮೇಲೆ ನಿಂತಿತ್ತು. ಅಜ್ಜಿ ಮಾತ್ರ ಬೇಸರವಿಲ್ಲದೆ ಸೆರಗು ಕೊಡವಿ ಎದ್ದಳು.

"ಹೋಗಲಿ ಬಿಡಪ್ಪಾ. ನಿನಗೂ ವಯಸ್ಸಾಯ್ತು. ನನಗೂ ಸರಿಯಾಗಿ ನೆನಪಿಲ್ಲ ಅನ್ನು. ಒಂದು ಗಂಟೆಗೋ ಎಷ್ಟಕ್ಕೋ ಹಲಗೆ ಇಳಿಸ್ತಿದ್ದೆ."

"ಒಂದು ಗಂಟೆಗಾ?" ಯಜಮಾನರು ಚೇಳು ಕಡಿದವರಂತೆ ಹಾರಿದರು. "ಏನಂದೆ, ಒಂದು ಗಂಟೆಗಾ? ಹನ್ನೆರಡಕ್ಕೆ ಇಳಿಸಬೇಕು! ಹತ್ತರಿಂದ ಹನ್ನೆರಡು, ಮೂರು ವರ್ಷ ಕಿತ್ತಾಡಿ ಒಪ್ಪಿದ್ದು ಅಷ್ಟೇ, ಅದರ ಮೇಲೆ ಒಂದು ನಿಮಿಷ ಕೊಡಲ್ಲ ನಾನು! ನನ್ನ ಹಲ್ಲು ಹೋಗಿದ್ದೇ ಅದಕ್ಕೆ!"

"ಬರ್ಕೋ," ಎಂದಳು ಅಜ್ಜಿ ಗುಮಾಸ್ತನಿಗೆ.

ಅಂಗಳವೆಲ್ಲ ನಕ್ಕಿತು. ಯಜಮಾನರು ತಾವು ಏನು ಹೇಳಿದೆವೆಂದು ತಿಳಿದು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಶಾಯಿ ಒಣಗಿತ್ತು.

*

ಸಹಿ, ಹೆಬ್ಬೆಟ್ಟು ನಡೆಯುತ್ತಿದ್ದಾಗ ಫೋಟೋದವನ ಸ್ಕೂಟರ್ ಬಂತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಗುಮಾಸ್ತ ಅವನನ್ನು ಒಳಗೆ ಕರೆದೊಯ್ದ. ಕಾಲುವೆಯೇನೋ ಸಿಕ್ಕಿತ್ತು, ಆದರೆ ತನ್ನ ಮಾನ ಇನ್ನೂ ಆ ಪೆಟ್ಟಿಗೆಯೊಳಗಿದೆ ಎಂದು ಅವನ ಲೆಕ್ಕ. ಪಟ್ಟಿ ಒಳಗಿಂದ ಹೊರಬಂದರೆ ನಾಳೆಯಿಂದ ಮತ್ತೆ "ಟ್ರೈನಿಂಗ್‌ನಲ್ಲಿ ನಮಗೆ ಹೇಳಿದ್ದೇನಂದ್ರೆ" ಎನ್ನಬಹುದಲ್ಲ.

ಫೋಟೋದವನು ಮೊದಲು ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಒಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ, ಸಂಸಾರ ಮುಗಿಸಿ, ಹೊರಟುಹೋಗಿತ್ತು. ಪಕ್ಕದಲ್ಲಿ ಒಂದು ವೈರು ಯಾವುದಕ್ಕೂ ಸೇರದೆ ನೇತಾಡುತ್ತಿತ್ತು.

"ಈ ಮುಂದಿನ ತೂತಿಗೆ ಒಳಗೆ ಸಂಪರ್ಕವೇ ಕೊಟ್ಟಿಲ್ಲ ಮಾರಾಯ್ರೇ. ಯಾವತ್ತೂ ಕೊಟ್ಟಿರಲಿಲ್ಲ. ನೀವು ಏನು ಚುಚ್ಚಿದ್ರೂ ಕಾಣಲ್ಲ."

ಹಲಗೆ ಇದೆ, ಹಿಂದೆ ಕಾಲುವೆ ತೋಡಿಲ್ಲ. ಗುಮಾಸ್ತನಿಗೆ ಮೊದಲ ಬಾರಿಗೆ ಕಂಪ್ಯೂಟರ್ ಪೂರ್ತಿಯಾಗಿ ಅರ್ಥವಾಯಿತು.

ಫೋಟೋದವನು ಕಂಪ್ಯೂಟರ್ ಹೊತ್ತಿಸಿ ಅಲ್ಲಿ ಇಲ್ಲಿ ಒತ್ತಿದ. 'ಹೆಸರಿಲ್ಲದ್ದು' ಎಂಬ ಒಂದು ಫೈಲು ಮೂಲೆಯಲ್ಲಿ ಅನಾಥವಾಗಿ ಕೂತಿತ್ತು. ತೆರೆದ.

"ಇಗೋ! ನಲವತ್ತಮೂರು ಹೆಸರೂ ಇದೆ."

ಗುಮಾಸ್ತನ ಎದೆ ಉಬ್ಬಿತು. ಹೊರಗಿನವರನ್ನು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಹೆಸರುಗಳ ಪಕ್ಕದ ಸಾಲಿಗೆ ಹೋಯಿತು.

ಮೊದಲಗದ್ದೆ, ಸೋಮವಾರ ಹನ್ನೆರಡರಿಂದ ನಾಲ್ಕು. ಎರಡನೆಯ ಗದ್ದೆ, ಸೋಮವಾರ ಹನ್ನೆರಡರಿಂದ ನಾಲ್ಕು. ಮೂರನೆಯದು, ಸೋಮವಾರ ಹನ್ನೆರಡರಿಂದ ನಾಲ್ಕು. ಫೋಟೋದವನು ಕೆಳಗೆ ಕೆಳಗೆ ಸರಿಸಿದ. ಕೊನೆಗದ್ದೆ ಅಜ್ಜಿಯವರೆಗೆ ನಲವತ್ತಮೂರು ಜನರಿಗೂ ಸೋಮವಾರ ಹನ್ನೆರಡರಿಂದ ನಾಲ್ಕು.

"ಎಲ್ಲರಿಗೂ ಒಟ್ಟಿಗೇನಾ?" ಎಂದ ಫೋಟೋದವನು.

ಗುಮಾಸ್ತನಿಗೆ ನೆನಪಾಯಿತು. ಮೇಲಿನ ಸಾಲನ್ನೇ ಕೆಳಗೆ ನಕಲು ಮಾಡುವ ವಿದ್ಯೆಯನ್ನು ತರಬೇತಿಯ ಮೊದಲ ದಿನವೇ ಕಲಿಸಿದ್ದರು. ಆಗ ಅವನು ಎಚ್ಚರವಾಗಿದ್ದ. ಹೆಸರುಗಳನ್ನು ಮೊದಲು ತಿದ್ದಿ, ಗಂಟೆಗಳನ್ನು ಆಮೇಲೆ ತಿದ್ದೋಣ ಎಂದುಕೊಂಡಿದ್ದ. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಿದ್ದಳು. ಊಟವಾದ ಮೇಲೆ ಸಭೆ. ಸಭೆಯಲ್ಲಿ ನೋಟ್‌ಬುಕ್ಕು ಹರಿದಿದ್ದ. ಇವತ್ತು ಬೆಳಿಗ್ಗೆ ಈ ಪಟ್ಟಿ ತೋರಿಬಿಟ್ಟಿದ್ದರೆ, ಅವನು ಓದದೆಯೇ ಕಂಬಕ್ಕೆ ಅಂಟಿಸುತ್ತಿದ್ದ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ನಲವತ್ತಮೂರು ಜನ, ನಲವತ್ತಮೂರು ಗುದ್ದಲಿ, ಒಂದೇ ಕಾಲುವೆ. ಸಾಹೇಬರು ಹಲ್ಲು ಎಣಿಸಲು ಎರಡು ದಿನ ರಜೆ ಹಾಕಬೇಕಾಗುತ್ತಿತ್ತು.

"ಏನೋ ಟ್ರೈನಿಂಗ್?" ಹೊರಗಿನಿಂದ ಅಜ್ಜಿಯ ದನಿ. "ತೋರಿಸ್ತಾ?"

ಗುಮಾಸ್ತ ಫೋಟೋದವನನ್ನು ನೋಡಿದ. ಫೋಟೋದವನು ಗುಮಾಸ್ತನನ್ನು ನೋಡಿದ.

"ಇಲ್ಲ ಅಜ್ಜಿ," ಎಂದ ಗುಮಾಸ್ತ. ಇಡೀ ದಿನದಲ್ಲಿ ಆ ಮಾತನ್ನು ಇಷ್ಟು ನೆಮ್ಮದಿಯಿಂದ ಅವನು ಹೇಳಿರಲಿಲ್ಲ. "ಏನೂ ತೋರಿಸ್ತಾ ಇಲ್ಲ."

"ಹಳೇ ಮೆಷಿನ್ನು," ಎಂದು ಫೋಟೋದವನೂ ದನಿಗೂಡಿಸಿ, ಬಗ್ಗಿ ಗೋಡೆಯ ಸ್ವಿಚ್ ಆರಿಸಿದ.

*

ಮರುದಿನ ಪಟ್ಟಿ ಕಂಬಕ್ಕೇರಿತು, ಸಾಹೇಬರು ತೂಬು ತೆಗೆದರು. ಅದಾಗಿ ಒಂದು ವಾರಕ್ಕೆ, ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಗುಮಾಸ್ತ ನೋಟ್‌ಬುಕ್ಕನ್ನು ಕಂಕುಳಲ್ಲಿ ಹಿಡಿದು ಕೊನೆಗದ್ದೆಯ ಬದುವಿನ ಮೇಲೆ ನಿಂತಿದ್ದ. ಯಜಮಾನರೂ ಬಂದಿದ್ದರು, ಕೈಯಲ್ಲಿ ಗಡಿಯಾರ. ಹನ್ನೆರಡರ ಮೇಲೆ ಒಂದು ನಿಮಿಷವೂ ಹೋಗದಂತೆ ಕಾಯುವುದಕ್ಕೆ ಅವರು ಎರಡು ಗಂಟೆ ಮೊದಲೇ ಹಾಜರು.

ಕಾಲುವೆಯ ಒಣ ಎಲೆಗಳನ್ನು ಮುಂದೆ ನೂಕಿಕೊಂಡು ನೀರು ಬಂತು. ಅಜ್ಜಿ ಹಲಗೆ ಎತ್ತಿದಳು. ಹಲಗೆ ಜಾರಿ ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು.

"ಹೀಗೇ ಹಿಡ್ಕೊಂಡು ನಿಂತ್ರೆ ಗದ್ದೆಯೊಳಗೆ ಮಡೆ ಮಡೆಗೆ ನೀರು ತಿರುಗಿಸೋರು ಯಾರೋ? ಆರು ಅರ್ಜಿ ಕೊಟ್ಟೆ." ಅಜ್ಜಿಯ ಕಣ್ಣು ಅವನ ಕೊರಳಿಗೆ ಬಿತ್ತು. "ಅದನ್ನ ಕೊಡು ಇಲ್ಲಿ."

ಗುಮಾಸ್ತ ದಾರವನ್ನು ಮುಟ್ಟಿಕೊಂಡ. ಆಮೇಲೆ ತಲೆಯ ಮೇಲಿಂದ ತೆಗೆದು ಕೊಟ್ಟ.

ಅಜ್ಜಿ ಹಲಗೆಯನ್ನು ಎತ್ತಿ ಹಿಡಿದು, ಪಕ್ಕದ ಸಂದಿಗೆ ಪೆನ್ ಡ್ರೈವನ್ನು ಚುಚ್ಚಿದಳು. ಹೋಗಲಿಲ್ಲ.

"ತಿರುಗಿಸಿ ನೋಡಿ ಅಜ್ಜಿ," ಎಂದ ಗುಮಾಸ್ತ.

ತಿರುಗಿಸಿ ಚುಚ್ಚಿದಳು. ಕೂತಿತು. ಹಲಗೆ ಅಲ್ಲಾಡಲಿಲ್ಲ, ನೀರು ಒಳಗೆ ಇಳಿಯಿತು.